ಬಿಲ್ಲಲ್ಲಿ ಕಾಂಟ್ರಾಕ್ಟರ್, ಸೈಟಲ್ಲಿ ಕೂಲಿ: ಒಂದು ಪರಿಹಾರದ ಕೇಸು ನಾನು ನಡೆಸಿದ್ದು ಹೀಗೆ

ಕೆಲಸದಲ್ಲಿ ಗಾಯ ಆದವ್ರ ಪರವಾಗಿ ಪರಿಹಾರದ ಅರ್ಜಿ ಹಾಕೋ ವಕೀಲ ನಾನು. ಎದುರುಗಡೆಯವ್ರ ತಕರಾರಲ್ಲಿ ಮೊದಲನೇ ಪ್ಯಾರಾ ಯಾವಾಗ್ಲೂ ಒಂದೇ, "ಅರ್ಜಿದಾರ ನಮ್ಮ ಕೆಲಸಗಾರನೇ ಅಲ್ಲ, ಸ್ವತಂತ್ರ ಗುತ್ತಿಗೆದಾರ". ಗಾಯ ಎಷ್ಟು, ಸಂಬಳ ಎಷ್ಟು ಅನ್ನೋದೆಲ್ಲ ಆಮೇಲಿನ ಮಾತು, ಈ ಬಾಗಿಲು ದಾಟ್ದೆ ಒಳಗೇ ಹೋಗಕ್ಕಾಗಲ್ಲ.

ಟೈಲ್ಸ್ ಹಾಕೋ ಹುಡುಗ, ಮೂವತ್ತು ವಯಸ್ಸು, ಅಪಾರ್ಟ್‌ಮೆಂಟ್ ಸೈಟಲ್ಲಿ ಗ್ರೈಂಡರ್ ಜಾರಿ ಬಲಗೈ ಹೆಬ್ಬೆರಳು ಹೋಯ್ತು. ಬಿಲ್ಡರ್ ಹೇಳಿದ್ದು ಅವ್ನು ಮೇಸ್ತ್ರಿ ಕಡೆಯವ್ನು ಅಂತ, ಮೇಸ್ತ್ರಿ ಹೇಳಿದ್ದು ಅವ್ನೇ ಸಬ್ ಕಾಂಟ್ರಾಕ್ಟರ್, ಸ್ಕ್ವೇರ್ ಫೂಟ್ ಲೆಕ್ಕದಲ್ಲಿ ದುಡ್ಡು ತಗೋತಿದ್ದ, ಗ್ರೈಂಡರ್ ಅವಂದೇ, ಜೊತೆಗೆ ಒಬ್ಬ ಹೆಲ್ಪರ್‌ನೂ ಇಟ್ಕೊಂಡಿದ್ದ ಅಂತ. ಸ್ಕ್ವೇರ್ ಫೂಟ್ ಲೆಕ್ಕ, ಗ್ರೈಂಡರ್, ಹೆಲ್ಪರ್ ಈ ಮೂರೂ ನಿಜಾನೇ, ಅದೇ ತಲೆನೋವು.

ನಾನು ಇಬ್ರನ್ನೂ ಪಾರ್ಟಿ ಮಾಡ್ದೆ. 1923ರ ಪರಿಹಾರ ಕಾಯ್ದೆಯ ಸೆಕ್ಷನ್ 12 ಏನ್ ಹೇಳುತ್ತೆ ಅಂದ್ರೆ, ತನ್ನ ವ್ಯಾಪಾರಕ್ಕೆ ಸೇರಿದ ಕೆಲಸಾನ ಕಾಂಟ್ರಾಕ್ಟರ್ ಕೈಲಿ ಮಾಡಿಸ್ದವ್ನು ಆ ಕಾಂಟ್ರಾಕ್ಟರ್‌ನ ಆಳಿಗೆ ಪೆಟ್ಟಾದ್ರೆ ತಾನೇ ಪರಿಹಾರ ಕೊಡ್ಬೇಕು, ಆಮೇಲೆ ಬೇಕಿದ್ರೆ ಕಾಂಟ್ರಾಕ್ಟರ್ ಹತ್ರ ವಸೂಲಿ ಮಾಡ್ಕೊಳ್ಳಲಿ. ಹಾಗಾಗಿ ಬಿಲ್ಡರ್ ಮತ್ತು ಮೇಸ್ತ್ರಿ ನಡುವಿನ ಜಗಳ ನಮ್ಗೆ ಬೇಕಾಗಿಲ್ಲ. (ಸ್ವಂತ ಮನೆಗೆ ಪೇಂಟ್ ಮಾಡಿಸೋ ಮನೆ ಓನರ್ ಮೇಲೆ ಈ ಸೆಕ್ಷನ್ ನಡೆಯಲ್ಲ, ಮನೆ ಕಟ್ಸೋದು ಅವ್ರ ವ್ಯಾಪಾರ ಅಲ್ವಲ್ಲ.) ಆದ್ರೆ ಈ ಸೆಕ್ಷನ್ನಿಗೂ ಹುಡುಗ ಮೇಸ್ತ್ರಿಯ ಕೆಲಸಗಾರ ಅಂತ ತೋರಿಸ್ಲೇಬೇಕು.

ಅದಕ್ಕೆ ನಾನು ಮೊದ್ಲು ತಗೊಂಡಿದ್ದು ಅವನ ಮೊಬೈಲು. ಸೂಪರ್‌ವೈಸರ್‌ನ ವಾಟ್ಸಾಪ್ ವಾಯ್ಸ್ ಮೆಸೇಜ್ ರಾಶಿ ಇತ್ತು, ಇವತ್ತು ಮೂರನೇ ಫ್ಲೋರ್ ಬಾತ್‌ರೂಮು ಮುಗ್ಸು, ಬಾಲ್ಕನಿ ಮುಟ್ಬೇಡ, ಆ ಸಾಲು ಕಿತ್ತು ಮತ್ತೆ ಹಾಕು, ಯಾಕೋ ಲೇಟು ಅಂತ ಬೈದಿರೋದು ಬೇರೆ. ಸ್ವತಂತ್ರ ಗುತ್ತಿಗೆದಾರನ್ನ ಯಾರಾದ್ರೂ ಲೇಟ್ ಯಾಕೆ ಅಂತ ಬೈತಾರಾ? ಆಮೇಲೆ ಮೇಸ್ತ್ರಿ ಪ್ರತಿ ಶನಿವಾರ ಹಾಕಿದ್ದ ಯುಪಿಐ ದುಡ್ಡು, ಗೇಟಲ್ಲಿ ಸೆಕ್ಯುರಿಟಿ ಬರ್ದಿಟ್ಟ ಇನ್ ಔಟ್ ರಿಜಿಸ್ಟರು, ಟೈಲ್ಸು ಸಿಮೆಂಟು ಎಲ್ಲ ಸೈಟಿಂದಾನೇ ಅನ್ನೋ ಚಲನ್ನು. ರಿಜಿಸ್ಟರ್ ತರಿಸೋಕೆ ಸಮನ್ಸ್ ಅರ್ಜಿ ಬೇಗ ಹಾಕ್ಬೇಕು, ಸೈಟ್ ಮುಗಿದ್ಮೇಲೆ ಅದು ಸಿಗೋದು ಕಷ್ಟ.

ಹೆಲ್ಪರ್ ವಿಷಯಕ್ಕೆ 1957ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ತೀರ್ಪು ಕೈ ಹಿಡೀತು. ಅಲ್ಲಿ ಉಪ್ಪು ತಯಾರಿಸೋ ಅಗರಿಯಾಗಳು ಮನೆಯವ್ರನ್ನೂ ಕೂಲಿಯವ್ರನ್ನೂ ಸೇರಿಸ್ಕೊಂಡು ತೂಕದ ಲೆಕ್ಕದಲ್ಲಿ ದುಡೀತಿದ್ರು, ಆದ್ರೂ ಸ್ವತಃ ಮೈ ಬಗ್ಗಿಸಿ ಕೆಲಸ ಮಾಡ್ತಿದ್ದ ಕಾರಣ ಸುಪ್ರೀಂ ಕೋರ್ಟು ಅವ್ರನ್ನ ಕೆಲಸಗಾರರು ಅಂತಾನೇ ಒಪ್ಪಿತ್ತು. ಪೀಸ್ ರೇಟಿಗೆ, ಅಂದ್ರೆ ಮಾಡಿದಷ್ಟು ಕೆಲಸಕ್ಕೆ ದುಡ್ಡು ಅನ್ನೋ ವಿಷಯಕ್ಕೆ, ಸಿಲ್ವರ್ ಜ್ಯುಬಿಲಿ ಟೈಲರಿಂಗ್ ಹೌಸ್ ಕೇಸಿನ ದರ್ಜಿಗಳ ತೀರ್ಪು ಕೊಟ್ಟೆ, ಅವ್ರನ್ನೂ ಕೋರ್ಟು ಕೆಲಸಗಾರರು ಅಂತಾನೇ ಒಪ್ಪಿತ್ತು. ಎರಡೂ ಬೇರೆ ಕಾಯ್ದೆ ಕೆಳಗಿನವು ಅಂತ ಎದುರು ವಕೀಲ್ರು ಎತ್ತಿದ್ರು, ಮಾತು ಸರಿನೇ, ಆದ್ರೆ ಯಜಮಾನ ಯಾರು ಅಂತ ನೋಡೋ ಅಳತೆಗೋಲು ಅದೇ ತಾನೆ.

ಆಸ್ಪತ್ರೆ ದಾಖಲೆ ನೋಡಿ ಎದೆ ಧಸಕ್ ಅಂತು. ಹಿಸ್ಟರಿ ಕಾಲಮ್ಮಲ್ಲಿ "ಮನೆಯಲ್ಲಿ ಪೆಟ್ಟು" ಅಂತಿತ್ತು, ಕರ್ಕೊಂಡು ಹೋದವ್ನು ಮೇಸ್ತ್ರಿ ಕಡೆಯವ್ನೇ, ಅವ್ನೇ ಹಾಗೆ ಬರೆಸಿದ್ದು. ಇದು ತುಂಬ ಕಡೆ ನಡೆಯೋ ಆಟ, ಗಾಯಾಳು ನೋವಲ್ಲಿ ಒದ್ದಾಡ್ತಿರ್ತಾನೆ, ಏನ್ ಬರ್ದ್ರು ಅಂತ ಯಾರ್ ನೋಡ್ತಾರೆ. ಹೆಲ್ಪರ್‌ನ ಸಾಕ್ಷಿ, ಮತ್ತೆ ಮನೇಲಿ ಪೆಟ್ಟಾಯ್ತು ಅಂದ ಹೊತ್ತಿಗೆ ಗೇಟ್ ರಿಜಿಸ್ಟರಲ್ಲಿ ಅವ್ನು ಸೈಟ್ ಒಳಗೇ ಇದ್ದ ಅನ್ನೋ ಎಂಟ್ರಿ, ಈ ಎರಡ್ರಿಂದ ಅದು ಬಿದ್ದೋಯ್ತು.

ಕೆಲಸಗಾರ ಅಂತ ಆದ್ಮೇಲೆ ಉಳಿದಿದ್ದು ಲೆಕ್ಕ ಅಷ್ಟೇ. ಸಂಬಳ ಎಷ್ಟೇ ಇದ್ರೂ 2020ರ ಜನವರಿಯಿಂದ ಲೆಕ್ಕಕ್ಕೆ ಮಿತಿ ತಿಂಗಳಿಗೆ 15,000. ಅದರ 60 ಪರ್ಸೆಂಟ್ 9,000, ಮೂವತ್ತು ವಯಸ್ಸಿಗೆ ಕಾಯ್ದೆಯಲ್ಲಿರೋ ಗುಣಿಸೋ ಸಂಖ್ಯೆ (ಫ್ಯಾಕ್ಟರ್) 207.98, ಹೆಬ್ಬೆರಳು ಹೋದ್ರೆ ದುಡಿಯೋ ಶಕ್ತಿಯ ನಷ್ಟ ಕಾಯ್ದೆಯ ಶೆಡ್ಯೂಲಲ್ಲಿ (ಗಾಯಗಳ ಪಟ್ಟೀಲಿ) 30 ಪರ್ಸೆಂಟ್, ಮೂರನ್ನೂ ಗುಣಿಸಿದ್ರೆ ಒಟ್ಟು 5,61,546 ರೂಪಾಯಿ, ಮೇಲೆ 12 ಪರ್ಸೆಂಟ್ ಬಡ್ಡಿ. ಟೈಲ್ಸ್ ಕೆಲಸದವ್ನಿಗೆ ಬಲಗೈ ಹೆಬ್ಬೆರಳಿಲ್ಲ ಅಂದ್ರೆ ನಷ್ಟ ಬರೀ 30 ಅಂತ ನಂಗೆ ಅನ್ಸಲ್ಲ, ಆದ್ರೆ ಶೆಡ್ಯೂಲ್ ಹಾಗಿದೆ. ಬಿಲ್ಡರ್ ಅಪೀಲು ಅಂತ ಹೆದರಿಸಿದ್ರು, ಪೂರ್ತಿ ದುಡ್ಡು ಡಿಪಾಸಿಟ್ ಮಾಡ್ದೆ ಅಪೀಲು ಹಾಕಂಗಿಲ್ಲ ಅಂತ ಗೊತ್ತಾದ್ಮೇಲೆ ಸುಮ್ನಾದ್ರು.

ಇದೆಲ್ಲ ಹಳೇ ಕಾಯ್ದೆ ಕೇಸು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ಪರಿಹಾರದ ವಿಷಯ ಈಗ ಅದರ 7ನೇ ಅಧ್ಯಾಯದಲ್ಲಿದೆ. ಡೆಲಿವರಿ ಹುಡುಗ್ರನ್ನ ಆ ಸಂಹಿತೆ ಗಿಗ್ ವರ್ಕರ್ ಅಂತ ಬೇರೇನೇ ಕೂರಿಸಿದೆ, ಕರ್ನಾಟಕದ 2025ರ ಗಿಗ್ ಕಾಯ್ದೆ ಮಂಡಳಿ, ನಿಧಿ ಎಲ್ಲ ಕೊಡುತ್ತೆ ಆದ್ರೆ ನೌಕರ ಅನ್ನಲ್ಲ. ಅಂಥ ಹುಡುಗನ ಕೇಸೊಂದು ಈಗ ಕೈಲಿದೆ. ಲಾಗಿನ್ ಹಿಸ್ಟರಿ, ಆರ್ಡರ್ ಬೇಡ ಅಂದಾಗ ಬಂದ ವಾರ್ನಿಂಗ್ ಎಲ್ಲ ಸ್ಕ್ರೀನ್‌ಶಾಟ್ ತೆಗೆಸಿ ಇಟ್ಟಿದ್ದೀನಿ, ಯಾಕಂದ್ರೆ ಐಡಿ ಬ್ಲಾಕ್ ಆದ್ರೆ ಅವು ಯಾವ್ದೂ ಅವ್ನ ಕೈಗೆ ಸಿಗಲ್ಲ.