ದೊಡ್ಡಪತ್ರೆ, ಒಂದೆಲಗ ಮತ್ತು ಆಟಿಯ ಕಷಾಯ

ಮಳೆಗಾಲ ಹಿಡಿಯಿತೆಂದರೆ ನಮ್ಮಲ್ಲಿ ವಾರಕ್ಕೆರಡು ಸಲವಾದರೂ ದೊಡ್ಡಪತ್ರೆ ತಂಬುಳಿ ಆಗಲೇಬೇಕು. ಸಾಂಬ್ರಾಣಿ ಸೊಪ್ಪು, ಸಾಂಬಾರಬಳ್ಳಿ ಅನ್ನುವುದೂ ಇದನ್ನೇ. ದುಡ್ಡು ಕೊಟ್ಟು ಗಿಡ ತರಬೇಕಿಲ್ಲ. ಪಕ್ಕದ ಮನೆಯಿಂದ ಗೇಣುದ್ದದ ಕಡ್ಡಿ ತಂದು ಕುಂಡದಲ್ಲಿ ಊರಿ, ಚಿಗುರುತ್ತದೆ. ನೀರು ಮಾತ್ರ ಜಾಸ್ತಿ ಹಾಕಬೇಡಿ, ಬುಡ ಕೊಳೆಯುತ್ತದೆ.

ಎಲೆ ದಪ್ಪ, ಅಂಚು ಗರಗಸದ ಹಾಗೆ. ಉಜ್ಜಿ ಮೂಸಿದರೆ ಓಮದ ಘಾಟು. ಓಮಕ್ಕೆ ಆ ಘಾಟು ಕೊಡುವ ಥೈಮಾಲ್ ಅನ್ನುವ ಅಂಶ ಇದರಲ್ಲೂ ಇದೆ.

ತಂಬುಳಿಗೆ ಹತ್ತು ಹನ್ನೆರಡು ಎಲೆ ಸಾಕು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು ಎಲೆ ಹಾಕಿ. ಎಲೆ ನೀರು ಬಿಟ್ಟು, ಬಾಡಿ, ಹಸಿರು ಮಾಸುತ್ತದೆ. ಆ ನೀರು ಆರುವ ತನಕ ಬಾಡಿಸಿ, ಇಲ್ಲದಿದ್ದರೆ ಹಸಿ ಘಾಟು ನಾಲಿಗೆಗೆ ಹತ್ತುತ್ತದೆ. ಎರಡು ಚಮಚ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಸೇರಿಸಿ, ಒಗ್ಗರಣೆ ಕೊಡಿ. ರುಬ್ಬುವ ಮೊದಲು ಹುರಿದದ್ದು ಪೂರ್ತಿ ಆರಿರಬೇಕು, ಬಿಸಿ ಇದ್ದರೆ ಮಜ್ಜಿಗೆ ಒಡೆಯುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಅತ್ತೆ.

ಮಕ್ಕಳಿಗೆ ಶೀತವಾದರೆ ಎಲೆಯನ್ನು ಕಾವಲಿ ಮೇಲೆ ಬಾಡಿಸಿ, ಹಿಂಡಿ, ಅರ್ಧ ಚಮಚ ರಸಕ್ಕೆ ಜೇನು ಬೆರೆಸಿ ಕೊಡುತ್ತೇವೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು. ಬಜೆ ತೇಯ್ದು ನೆಕ್ಕಿಸುವುದನ್ನೂ ನಾನು ಬಿಟ್ಟಿದ್ದೇನೆ, ಮಕ್ಕಳ ಡಾಕ್ಟರು ಬೇಡ ಅನ್ನುತ್ತಾರೆ. ಜ್ವರ ಎರಡು ದಿನ ದಾಟಿತೋ, ಕಷಾಯ ಕುಡಿಸುತ್ತಾ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಕಾಲ ಇದು.

ಒಂದೆಲಗ ತುಳುವರ ತಿಮರೆ. ತಂಬುಳಿಗೆ ಇದನ್ನು ಹುರಿಯುವುದು ಬೇಡ, ಹಸಿಯಾಗಿಯೇ ರುಬ್ಬಿ. ಇದನ್ನೂ ಬ್ರಾಹ್ಮಿ ಅನ್ನುತ್ತಾರೆ, ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಅನ್ನುತ್ತಾರೆ. ಗಿಡ ಬೇರೆ ಬೇರೆ. ಚರಂಡಿ ಬದಿಯದ್ದು ಕೀಳಬೇಡಿ.

ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಸುಮ್ನೆ ಕುಡಿಯುವುದು ಸರಿಯಲ್ಲ. ಕೊರೊನಾ ಸಮಯದಲ್ಲಿ ಹಾಗೆ ಕುಡಿದ ಕೆಲವರಿಗೆ ಲಿವರ್ ತೊಂದರೆ ಆದದ್ದನ್ನು ವೈದ್ಯರು ದಾಖಲಿಸಿದ್ದಾರೆ.

ನನಗೆ ನಿಜವಾಗಿ ಭಯ ಆಗುವುದು ಆಟಿ ಅಮಾವಾಸ್ಯೆಗೆ, ಅಂದರೆ ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬರುವ ಅಮಾವಾಸ್ಯೆಗೆ. ಕರಾವಳಿಯಲ್ಲಿ ಅಂದು ನಸುಕಿನಲ್ಲೇ ಹಾಲೆ ಮರದ ಕೆತ್ತೆಯನ್ನು (ತೊಗಟೆಯನ್ನು) ಕಲ್ಲಿನಿಂದ ಜಜ್ಜಿ ತಂದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು, ಕಾಯಿಸಿದ ಬೆಣಚುಕಲ್ಲು ಅದ್ದಿ ಕುಡಿಯುತ್ತಾರೆ. ಕಹಿ ಅಂದರೆ ಕಹಿ! ಆಮೇಲೆ ಮೆಂತ್ಯೆ ಗಂಜಿ. ಆದರೆ ಕತ್ತಲಲ್ಲಿ ಹಾಲೆ ಅಂದುಕೊಂಡು ಕಾಸರಕದ ತೊಗಟೆ ತಂದರೆ ಅದು ವಿಷ, ಜೀವಕ್ಕೇ ಅಪಾಯ. ಹಿಂದಿನ ದಿನ ಬೆಳಕಿರುವಾಗಲೇ ಹೋಗಿ ನೋಡಿ. ಹಾಲೆಯ ಎಲೆಗಳು ಒಂದೇ ಗಿಣ್ಣಿನಲ್ಲಿ ಸುತ್ತಲೂ ಆರೇಳು ಇರುತ್ತವೆ, ಕಿತ್ತರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆ ಎದುರುಬದುರು ಎರಡೆರಡೇ, ಹಾಲು ಬರುವುದಿಲ್ಲ. ಸರಿಯಾದ ಮರಕ್ಕೆ ದಾರ ಕಟ್ಟಿ ಬನ್ನಿ. ಅನುಮಾನ ಇದ್ದರೆ ಆ ವರ್ಷ ಮೆಂತ್ಯೆ ಗಂಜಿ ಮಾತ್ರ ಮಾಡಿ.