ಹಳೇ ವ್ಯಾಗನ್ ಆರ್ ಕೊನೆಗೂ ಫೋನಿನ ಜೊತೆ ಮಾತಾಡಿತು

"ಹಳೇ ಗಾಡಿಗೆ ಈ ಆಟದ ಸಾಮಾನೆಲ್ಲ ನಡೆಯಲ್ಲ ಸಾರ್" ಅಂತ ನಮ್ಮ ಬೀದಿಯ ಮೆಕ್ಯಾನಿಕ್ ನಕ್ಕಿದ್ದರು. ಗಾಡಿಯ ಸಾಕೆಟ್ಟಿಗೆ ಸಿಕ್ಕಿಸಿದರೆ ಇಂಜಿನ್ನಿನ ಮಾಹಿತಿಯನ್ನು ಫೋನಿಗೆ ಕಳಿಸುವ ಇಎಲ್‌ಎಂ327 ಡಬ್ಬಿಯ ಬಗ್ಗೆ ಹೇಳಿದ್ದು ಅದು. ಈಗ ನಡೆದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 2008ರ ವ್ಯಾಗನ್ ಆರ್, ಸೆಕೆಂಡ್ ಹ್ಯಾಂಡ್. ಹೋದ ಮಳೆಗಾಲದಲ್ಲಿ ಮೀಟರಿನ ಹತ್ತಿರ ಇಂಜಿನ್ ಚೆಕ್ ಲೈಟ್ ಬಂತು. ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಒಮ್ಮೊಮ್ಮೆ ಕೀ ಆನ್ ಮಾಡಿದ ಕೂಡಲೇ ರೇಡಿಯೇಟರ್ ಫ್ಯಾನ್ ಭರ್ರೆಂದು ತಿರುಗುತ್ತಿತ್ತು. ಮೈಲೇಜ್ 15ರಿಂದ 10ಕ್ಕೆ ಇಳಿಯಿತು. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನಿಂಗ್‌ಗೆ 600 ಕೊಟ್ಟೆ. ದೋಷದ ಕೋಡ್ ಅಳಿಸಿ ಕಳಿಸಿದರು, ನಾಲ್ಕೇ ದಿನಕ್ಕೆ ಲೈಟ್ ವಾಪಸ್. ಇನ್ನೊಂದು ಕಡೆ ಮತ್ತೆ 600. ಅಲ್ಲಿ "ಇಸಿಎಂ ಹೋಗಿದೆ, 14 ಸಾವಿರ ಆಗುತ್ತೆ" ಎಂದರು. ಇಸಿಎಂ ಅಂದರೆ ಇಂಜಿನ್ನಿನ ಕಂಪ್ಯೂಟರ್. ಅವತ್ತೇ ರಾತ್ರಿ 350 ರೂಪಾಯಿಯ ನೀಲಿ ಬ್ಲೂಟೂತ್ ಡಬ್ಬಿಗೆ ಆರ್ಡರ್ ಹಾಕಿದೆ.

ಅದು ದಂಡ. ಫೋನಿಗೆ ಜೋಡಿಯಾಯಿತು, 1234 ಎಂಬ ಪಾಸ್‌ವರ್ಡನ್ನೂ ತಗೊಂಡಿತು. ಆದರೆ ರೀಡಿಂಗ್ ತೋರಿಸುವ ಟಾರ್ಕ್ ಆಪ್ ತೆರೆದರೆ ಬರೀ "ಅನೇಬಲ್ ಟು ಕನೆಕ್ಟ್". ವೈಫೈ ಆದರೆ ಸರಿಹೋಗಬಹುದು ಎಂದು 650 ಕೊಟ್ಟು ಇನ್ನೊಂದು ತರಿಸಿದೆ. ಅದೂ ಅದೇ ರಾಗ. ಒಂದೇ ಲಾಭ, ಬ್ಲೂಟೂತ್ ಡಬ್ಬಿಯನ್ನು ಕಣ್ಣೆತ್ತಿಯೂ ನೋಡದ ಮಗಳ ಐಫೋನ್ ಇದಕ್ಕೆ ಮಾತ್ರ ಸಿಕ್ಕಿತು.

ಎರಡನ್ನೂ ಬಿಚ್ಚಿ ನೋಡಿದೆ. ಒಳಗೆ ಹೆಸರಿಲ್ಲದ ಒಂದು ಚಿಪ್ಪು, ಸುತ್ತ ನಾಲ್ಕು ಬಿಡಿಭಾಗ. ಎರಡೂ ತಮ್ಮನ್ನು ವಿ2.1 ಎಂದು ಹೇಳಿಕೊಳ್ಳುತ್ತವೆ. ಈ ಅಗ್ಗದ 2.1ಗಳಲ್ಲಿ ಅರ್ಧ ಕಮ್ಯಾಂಡ್‌ಗಳೇ ಇರುವುದಿಲ್ಲ. ಹೊಸ ಗಾಡಿಗಳು ಮಾತಾಡುವ ಕ್ಯಾನ್ ಎಂಬ ಪ್ರೋಟೊಕಾಲ್‌ಗೆ ಹೇಗೋ ಸಾಕಾಗುತ್ತದೆ. ಕೆ-ಲೈನ್ ಎಂಬ ಒಂದೇ ವೈರಿನಲ್ಲಿ ಮಾತಾಡುವ ನಮ್ಮಂಥ ಹಳೇ ಗಾಡಿಗಳಿಗೆ ಕೈಕೊಡುತ್ತದೆ. ನಮಗೆ ಬೇಕಾದದ್ದು ಒಳಗೆ 25ಕೆ80 ಚಿಪ್ ಇರುವ, ವಿ1.5 ಎಂದು ಬರೆದುಕೊಂಡು ಬರುವ ಡಬ್ಬಿ. ತಮಾಷೆ ಏನೆಂದರೆ ಈ ಚಿಪ್ಪನ್ನು ಮೊದಲು ಮಾಡಿದ ಅಸಲಿ ಇಎಲ್‌ಎಂ ಕಂಪನಿ 1.5 ಎಂಬ ವರ್ಷನ್ನನ್ನು ಬಿಟ್ಟೇ ಇರಲಿಲ್ಲ. 1.4 ಆದ ಮೇಲೆ ನೇರ 2.0. ಅಂದರೆ ಹುಟ್ಟೇ ಇಲ್ಲದ ನಂಬರಿನ ನಕಲಿಯೇ ಚೆನ್ನಾಗಿ ಕೆಲಸ ಮಾಡುತ್ತದೆ! ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಮೂರ್ನಾಲ್ಕು ಎಲೆಕ್ಟ್ರಾನಿಕ್ಸ್ ಅಂಗಡಿ ಅಲೆದೆ. ಮುಚ್ಚಳ ತೆಗೆದು ತೋರಿಸಿದರೆ ಮಾತ್ರ ತಗೋತೀನಿ ಅಂದೆ. ಒಬ್ಬರು ತೋರಿಸಿದರು. 900ರ ಹತ್ತಿರ ಆಯಿತು.

ಆದರೂ ಬರಲಿಲ್ಲ. ಇಲ್ಲಿ ನಿಜಕ್ಕೂ ಕೈಚೆಲ್ಲಿ ಕೂತಿದ್ದೆ.

ಆಮೇಲೆ ಸ್ಟಿಯರಿಂಗ್ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಸಾಕೆಟ್ಟಿನ 7ನೇ ಪಿನ್ ಉಳಿದವಕ್ಕಿಂತ ಒಂದು ಅಕ್ಕಿಕಾಳಿನಷ್ಟು ಹಿಂದೆ ಸರಿದಿದೆ! ಕೆ-ಲೈನ್ ಇರುವುದೇ ಅದರಲ್ಲಿ. ಗ್ಯಾರೇಜಿನ ದಪ್ಪ ಪ್ಲಗ್ಗನ್ನು ತುರುಕಿ ತುರುಕಿ ಹಾಗಾಯಿತೋ ಏನೋ. ಹಿಂದಿನಿಂದ ವೈರ್ ಹಿಡಿದು ಮೆಲ್ಲಗೆ ತಳ್ಳಿದೆ, ಟಕ್ ಎಂದು ಕೂತಿತು. ಒಂದು ಪೈಸೆ ಖರ್ಚಿಲ್ಲ.

ಆಮೇಲೂ ಟಾರ್ಕ್ ತಾನಾಗಿ ಹುಡುಕಿದರೆ ಸಿಗಲಿಲ್ಲ. 16 ಪಿನ್ನಿನ ಸಾಕೆಟ್ ಇದೆ ಅಂದ ಮಾತ್ರಕ್ಕೆ ಗಾಡಿ ಓಬಿಡಿ ಎಂಬ ಎಲ್ಲ ಕಂಪನಿಗೂ ಸಾಮಾನ್ಯವಾದ ಭಾಷೆ ಆಡುತ್ತದೆ ಅಂತಲ್ಲ. ನಮ್ಮಲ್ಲಿ ಓಬಿಡಿ ಕಡ್ಡಾಯ ಶುರುವಾದದ್ದೇ 2010ರಲ್ಲಿ, ಬಿಎಸ್4 ಹೊಗೆ ನಿಯಮದ ಜೊತೆ. ಅದಕ್ಕೂ ಹಿಂದಿನ ಎಷ್ಟೋ ಗಾಡಿಗಳು ತಮ್ಮದೇ ಮನೆಭಾಷೆ ಆಡುತ್ತವೆ. ಸುಜುಕಿಯ ಮನೆಭಾಷೆ ಬಲ್ಲ ಆಪ್ ಎಸ್‌ಝಡ್ ವ್ಯೂವರ್ ಎ1. ಅದನ್ನು ಹಾಕಿ ಕನೆಕ್ಟ್ ಒತ್ತಿದೆ. ಎರಡು ಮೂರು ಸೆಕೆಂಡ್ ಸುಮ್ನಿದ್ದು, ಆರ್‌ಪಿಎಂ ಬಂತು. ಮನೆಯವಳನ್ನು ಕೂಗಿ ಕರೆದು ತೋರಿಸಿದೆ. "ಆ ಮುಳ್ಳು ಮೀಟರಿನಲ್ಲೇ ಇದೆಯಲ್ಲ" ಎಂದಳು.

ಹಟಕ್ಕೆ ಬಿದ್ದು ಟಾರ್ಕ್‌ನಲ್ಲೂ ಎರಡು ರೀಡಿಂಗ್ ಬರಿಸಿದ್ದೇನೆ. ಅದಕ್ಕೆ ಕೈಯಾರೆ ಕೊಡಬೇಕಾದ ಕಮ್ಯಾಂಡ್ ಸಾಲನ್ನು ಹುಡುಕಲು ಮೂರು ರಾತ್ರಿ ಹೋಯಿತು. ಹಾಗಾಗಿ ಅದನ್ನು ಇಲ್ಲಿ ಬರೆಯಲ್ಲ, ಬೇಜಾರಾಗಬೇಡಿ. ಪ್ರೋಟೊಕಾಲನ್ನು ಆಟೋದಲ್ಲಿ ಬಿಡಬೇಡಿ, ಅಷ್ಟು ಹೇಳಬಲ್ಲೆ.

ಬಂದ ದೋಷದ ಕೋಡ್ ಪಿ0118, ಅಂದರೆ ಇಂಜಿನ್ನಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರ್. ಅಳಿಸುವ ಮೊದಲು ಲೈವ್ ನೋಡಿದೆ. ಇಂಜಿನ್ 86 ಡಿಗ್ರಿ ತೋರಿಸುತ್ತಿತ್ತು. ಫೋನನ್ನು ಗಾಜಿಗೆ ಒರಗಿಸಿ, ಮಗಳಿಗೆ ಓದು ಎಂದು ಹೇಳಿ, ಬಾನೆಟ್ ಎತ್ತಿ ಸೆನ್ಸರಿನ ವೈರ್ ಅಲ್ಲಾಡಿಸಿದೆ. "86... 86... ಅಪ್ಪಾ, ಮೈನಸ್ 40!" ಹಾಸನದಲ್ಲಿ ಚಳಿ ಇದೆ, ಅಷ್ಟಿಲ್ಲ. ಮೈನಸ್ 40 ಅಂದರೆ ಸರ್ಕ್ಯೂಟ್ ಓಪನ್, ಎಲ್ಲೋ ಸಂಪರ್ಕ ತಪ್ಪಿದೆ ಅಂತ ಅರ್ಥ. ವೈರ್ ಜೋಡಿಸುವ ಕಪ್ಲರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು. ವಾಟರ್ ಸರ್ವಿಸ್‌ನಲ್ಲಿ ಬಾನೆಟ್ ಒಳಗೆ ಜೋರಾಗಿ ನೀರು ಹೊಡೆಸಿದ್ದು ನಾನೇ. ಹೊಸ ಕಪ್ಲರ್, ಜೊತೆಗೆ ಸೆನ್ಸರ್, ಎಲ್ಲ ಸೇರಿ 550 ಇರಬೇಕು. ಮೈಲೇಜ್ 15ಕ್ಕೆ ಮರಳಿತು. ಮೂರು ಡಬ್ಬಿ ಸೇರಿಸಿದರೂ ಎರಡೂವರೆ ಸಾವಿರ ದಾಟಲಿಲ್ಲ, ಅಲ್ವಾ?

ಖುಷಿಯಲ್ಲಿ ಡಬ್ಬಿಯನ್ನು ಸಾಕೆಟ್ಟಿನಲ್ಲೇ ಬಿಟ್ಟು ಎರಡು ವಾರ ಊರಿಗೆ ಹೋದೆ. 16ನೇ ಪಿನ್ನಿಗೆ ಕೀ ತೆಗೆದರೂ ಕರೆಂಟ್ ಇರುತ್ತದೆ. ಡಬ್ಬಿ ಕುಡಿಯುವುದು 45 ಮಿಲಿ ಆಂಪಿಯರ್ ಅಷ್ಟೇ, ಆದರೆ 14 ದಿನಕ್ಕೆ ಲೆಕ್ಕ ಹಾಕಿ. 35 ಆಂಪಿಯರ್ ಅವರ್‌ನ ಹಳೇ ಬ್ಯಾಟರಿ ಮಲಗಿತ್ತು. ಜಂಪರ್ ಕೇಬಲ್, ಪಕ್ಕದ ಮನೆಯವರ ಉಪದೇಶ, ಎರಡೂ ಆಯಿತು.

ಭಾವಮೈದನ 2012ರ ಗಾಡಿಯಲ್ಲಿ ಮೈಲೇಜ್ ಪ್ರಯೋಗವನ್ನೂ ಮಾಡಿದೆ. ಟಾರ್ಕ್ 19 ಎಂದಿತು, ಟ್ಯಾಂಕ್ ಫುಲ್ ಮಾಡಿ ಅಳೆದರೆ 16. ಆಪ್‌ನಲ್ಲಿ ವಾಲ್ಯೂಮೆಟ್ರಿಕ್ ಎಫಿಷಿಯನ್ಸಿ, ಅಂದರೆ ಇಂಜಿನ್ ಎಳೆಯುವ ಗಾಳಿಯ ಅಂದಾಜನ್ನು, ಸ್ವಲ್ಪ ಸ್ವಲ್ಪ ಬದಲಿಸುತ್ತ ಮೂರನೇ ಟ್ಯಾಂಕಿಗೆ ಹತ್ತಿರ ತಂದೆ. ಅವನಿಗೆ ಆ 19ನೇ ಇಷ್ಟವಾಗಿತ್ತು. ಬ್ಯಾಟರಿ ವೋಲ್ಟೇಜನ್ನೂ ಡಬ್ಬಿ ಹೇಳಿದಂತೆ ನಂಬಬೇಡಿ. ನನ್ನದು ಮಲ್ಟಿಮೀಟರಿಗಿಂತ 0.4 ಕಮ್ಮಿ ತೋರಿಸುತ್ತದೆ.

ಹೋದ ವಾರ ಅದೇ ಮೆಕ್ಯಾನಿಕ್ ಫೋನ್ ಮಾಡಿದರು. "ಸಾರ್, ಆ ಡಬ್ಬಿ ತರ್ತೀರಾ? ಒಂದು ಹಳೇ ಝೆನ್ ಬಂದಿದೆ." ಎದೆಯುಬ್ಬಿಸಿಕೊಂಡೇ ಹೋದೆ. ಗಾಡಿಯಲ್ಲಿ 16 ಪಿನ್ನಿನ ಸಾಕೆಟ್ಟೇ ಇಲ್ಲ! ಅವರು ನಗಲಿಲ್ಲ. ಎರಡಿಂಚು ವೈರ್ ಕತ್ತರಿಸಿ, ಚಿಕ್ಕದೊಂದು ಕಪ್ಲರಿನ ಎರಡು ತೂತಿಗೆ ಸಿಕ್ಕಿಸಿ ಕೀ ಆನ್ ಮಾಡಿದರು. ಚೆಕ್ ಲೈಟ್ ಮಿಣುಕತೊಡಗಿತು. ಒಂದು ಸಲ, ಆಮೇಲೆ ಸ್ವಲ್ಪ ಬಿಟ್ಟು ಎರಡು ಸಲ. "ಹನ್ನೆರಡು. ಸೆನ್ಸರ್ ಎಲ್ಲ ಸರಿ ಇದೆ ಸಾರ್, ಪೆಟ್ರೋಲ್ ಪಂಪ್ ನೋಡೋಣ" ಎಂದು ಹಿಂದಿನ ಸೀಟು ಎತ್ತಿದರು.