30-40 ಸೈಟಿನಲ್ಲಿ ಡ್ರೈವ್‌ವೇ ಮಾಡಿಸೋದು ಹೇಗೆ?

ಡ್ರೈವ್‌ವೇ ಅಂದರೆ ಬೆಂಗಳೂರಿನಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗೇಟಿನ ಹೊರಗಿನ ಇಳಿಜಾರು. ಮೋರಿ ಮೇಲೆ ಚಪ್ಪಡಿ ಹಾಕಿ, ಫುಟ್‌ಪಾತ್ ನುಂಗಿ, ರಸ್ತೆವರೆಗೂ ಸಿಮೆಂಟ್ ಎಳೆದಿರುತ್ತಾರಲ್ಲ, ಅದು. ಅದಕ್ಕೆ ಒತ್ತುವರಿ ಅನ್ನುತ್ತಾರೆ. ಡ್ರೈವ್‌ವೇ ಅಂದರೆ ಗೇಟಿನ ಒಳಗೆ, ನಿಮ್ಮದೇ ಜಾಗದಲ್ಲಿ, ಬಾಗಿಲವರೆಗೆ ಗಾಡಿ ಬರುವ ದಾರಿ.

ಇಂಗ್ಲಿಷಿನ 'ಡ್ರೈವ್' ಅನ್ನೋ ಮಾತು ದನ ಹೊಡೆಯೋದಕ್ಕೂ ಸಲ್ಲುತ್ತದೆ, ಗಾಡಿ ಹೊಡೆಯೋದಕ್ಕೂ ಸಲ್ಲುತ್ತದೆ. ನಾವೂ ದನ ಹೊಡಿ, ಗಾಡಿ ಹೊಡಿ ಅಂತೀವಿ, ಅಲ್ವಾ? 1809ರಲ್ಲಿ ಬೆಂಗಳೂರಿಗೆ ಬ್ರಿಟಿಷರ ದಂಡು (ಕಂಟೋನ್ಮೆಂಟ್) ಬಂದ ಮೇಲೆ ಆ ಕಡೆ ಎದ್ದ ದೊಡ್ಡ ಬಂಗಲೆಗಳಲ್ಲಿ ದಾರಿ ಅರ್ಧಚಂದ್ರದ ಹಾಗೆ ಬಾಗಿರುತ್ತಿತ್ತು, ಒಂದು ಗೇಟಿನಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಬರೀ ಶೋಕಿಗಲ್ಲ. ಕುದುರೆ ಸಾರೋಟನ್ನು ಹಿಂದಕ್ಕೆ ತೆಗೆಯೋದು ದೊಡ್ಡ ತಲೆನೋವು. ಪೋರ್ಟಿಕೋ ಇದ್ದದ್ದೂ ಮಳೆಯಲ್ಲಿ ನೆನೆಯದೆ ಇಳಿಯಲಿ ಅಂತ. ಈಗ ಅಲ್ಲಿ ಎರಡು ಸ್ಕೂಟರು ಮತ್ತು ಗ್ಯಾಸ್ ಸಿಲಿಂಡರ್ ನಿಲ್ಲುತ್ತವೆ, ಹೆಸರು ಮಾತ್ರ ಉಳಿದಿದೆ.

ಸರಿ, ಕೆಲಸಕ್ಕೆ ಬರೋಣ. ಮೊದಲು ಮೇಸ್ತ್ರಿ ಕೈಲಿ ಟ್ಯೂಬ್ ಲೆವೆಲ್ (ಮಟ್ಟ ನೋಡೋಕೆ ನೀರು ತುಂಬಿದ ಪೈಪು) ಹಿಡಿಸಿ, ರಸ್ತೆಗಿಂತ ಕಾರು ನಿಲ್ಲುವ ಜಾಗ ಎಷ್ಟು ಎತ್ತರ ಅಂತ ನೋಡಿ. 1 ಅಡಿ ಏರಬೇಕಾದರೆ ಕನಿಷ್ಠ 8 ಅಡಿ ಉದ್ದ ಬೇಕು, 10 ಇದ್ದರೆ ಆರಾಮ. ನಮ್ಮಲ್ಲಿ 5 ಅಡಿಯಲ್ಲೇ 1 ಅಡಿ ಏರಿಸಿದ್ದೆವು, 'ಏನೂ ಆಗಲ್ಲ ಸಾರ್' ಅಂದಿದ್ದರು ಮೇಸ್ತ್ರಿ. ಗೃಹಪ್ರವೇಶದ ದಿನ ಭಾವನ ಕಾರಿನ ಹೊಟ್ಟೆ ಕರಕರ ಅಂತ ಕೆರೆದು, ಪುರೋಹಿತರೂ ಮಂತ್ರ ನಿಲ್ಲಿಸಿ ತಿರುಗಿ ನೋಡಿದರು. ಒಡೆದು ಮತ್ತೆ ಹಾಕಿಸಿದೆವು.

ಅಷ್ಟು ಉದ್ದ ಜಾಗ ಇಲ್ಲದಿದ್ದರೆ ಇಳಿಜಾರನ್ನು ಹೊರಗೆ ಎಳೆಯಬೇಡಿ. ಮನೆಯನ್ನು ಎಷ್ಟಾದರೂ ಎತ್ತರಿಸಿ, ಕಾರು ನಿಲ್ಲುವ ಜಾಗ ರಸ್ತೆಗಿಂತ 6 ಇಂಚು ಮೇಲಿದ್ದರೆ ಸಾಕು. ತೀರಾ ಸಮ ಮಾಡಬೇಡಿ, ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರುತ್ತಲೇ ಇರುತ್ತದೆ.

ಸಂಪು ಸಾಮಾನ್ಯವಾಗಿ ಇದೇ ಜಾಗದ ಕೆಳಗಿರುತ್ತದೆ. ಸಂಪಿನ ಸ್ಲ್ಯಾಬ್ ಕಾರಿನ ತೂಕ ತಡೆಯುತ್ತದಾ ಅಂತ ಇಂಜಿನಿಯರ್‌ ಹತ್ತಿರ ಕೇಳಿ. ಮುಚ್ಚಳ ಚಕ್ರದ ದಾರಿಯಲ್ಲಿ ಬರಬಾರದು. ಗೇಟಿನ ಪಕ್ಕದ ಮೂಲೆಯಲ್ಲಿದ್ದರೆ ಒಳ್ಳೇದು, ಇಲ್ಲಾಂದ್ರೆ ಬೆಳಗ್ಗೆ 6 ಗಂಟೆಗೆ ಟ್ಯಾಂಕರ್ ಬಂದಾಗ ಕಣ್ಣುಜ್ಜಿಕೊಂಡು ಕಾರು ತೆಗೀಬೇಕು.

10 ಅಡಿ ಅಗಲ, 16 ಅಡಿ ಉದ್ದದ ಜಾಗದ ಮೇಲೆ 1 ಇಂಚು ಮಳೆ ಬಿದ್ದರೆ ಸುಮಾರು 380 ಲೀಟರ್ ನೀರು. ಅದನ್ನು ಸುಮ್ನೆ ರಸ್ತೆಗೆ ಬಿಡಬೇಡಿ. ಗೇಟಿನ ಒಳಗೇ ಅಡ್ಡಕ್ಕೆ ಸಣ್ಣ ಚರಂಡಿ ಮಾಡಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿ, ಇಂಗುಗುಂಡಿಗೆ ಪೈಪ್ ಕೊಡಿಸಿ.

ಮೇಲೆ ಮಿಂಚುವ ಟೈಲ್ಸ್ ಬೇಡವೇ ಬೇಡ, ಮಳೆಗೆ ಜಾರುತ್ತದೆ. ದುಡ್ಡಿದ್ದರೆ ಒರಟಾದ ಸಾದರಹಳ್ಳಿ ಕಲ್ಲು (ಬೂದು ಗ್ರಾನೈಟ್), ಇಲ್ಲದಿದ್ದರೆ 4 ಇಂಚು ಕಾಂಕ್ರೀಟ್ ಹಾಕಿ ಗೀಟು ಎಳೆಸಿ, ಹತ್ತು ದಿನವಾದರೂ ನೀರು ಕಟ್ಟಿ. ಗೇಟಿನ ಬುಡದಲ್ಲಿ 2 ಅಡಿ ಮಾತ್ರ ನುಣ್ಣಗೆ, ಸಮತಟ್ಟಾಗಿ ಬಿಡಿಸಿ. ಗೀಟಿನ ಮೇಲೆ ರಂಗೋಲಿ ಎಳೆ ನೆಟ್ಟಗೆ ಬರಲ್ಲ ಅಂತ ನಮ್ಮಮ್ಮ ಈಗಲೂ ಬೈಯುತ್ತಾರೆ.